ನೀರಿನ ಟ್ಯೂಬಿನಲ್ಲಿ ಬಂದ ಗೆರೆ

ಜೆಲ್‌ನ ಕೊನೆಯ ಲೇನಿನಲ್ಲಿ ಏನೂ ಕಾಣಬಾರದಿತ್ತು. ಜೆಲ್ ಅಂದರೆ ಡಿಎನ್‌ಎ ಇದ್ದರೆ ಗೆರೆಯಾಗಿ ತೋರಿಸುವ ಜೆಲ್ಲಿಯಂಥ ಹಲಗೆ, ಲೇನ್ ಅಂದರೆ ಅದರಲ್ಲಿ ಒಂದೊಂದು ಟ್ಯೂಬಿಗೆ ಒಂದೊಂದು ಸಾಲು. ಕೊನೆಯ ಲೇನಿನ ಟ್ಯೂಬಿಗೆ ನಾನು ಹಾಕಿದ್ದು ಬರೀ ನೀರು. ಆದರೂ ಅಲ್ಲೊಂದು ಗೆರೆ ಹೊಳೆಯುತ್ತಿತ್ತು. ಮಂಕಾಗಿಯೂ ಅಲ್ಲ, ಪಕ್ಕದ ಪಾಸಿಟಿವ್ ಕಂಟ್ರೋಲ್‌ಗೆ, ಅಂದರೆ ಗೆರೆ ಬರಲೇಬೇಕಾದ ಹೋಲಿಕೆಯ ಟ್ಯೂಬಿಗೆ, ಸಡ್ಡು ಹೊಡೆಯುವ ಹಾಗೆ.

ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದೆ. ಗೆರೆ ಹೋಗಿರಲಿಲ್ಲ.

ಇದು ನಡೆದದ್ದು ನನ್ನ ಪ್ಲೇಸ್‌ಮೆಂಟ್‌ನ ಐದನೇ ತಿಂಗಳಲ್ಲಿ. ಪ್ಲೇಸ್‌ಮೆಂಟ್ ಅಂದ ಕೂಡಲೇ "ಓ, ಕೆಲಸ ಸಿಕ್ಕಿತಾ?" ಅಂತ ಕೇಳುತ್ತಾರೆ. ಅದಲ್ಲ. ನನ್ನದು ನಾಲ್ಕು ವರ್ಷದ ಬಯಾಲಜಿ ಡಿಗ್ರಿ. ಎರಡು ವರ್ಷ ಕ್ಲಾಸು, ಮೂರನೇ ವರ್ಷ ಪೂರ್ತಿ ಹೊರಗೆ ಒಂದು ಲ್ಯಾಬಿನಲ್ಲಿ ಕೆಲಸ, ಆಮೇಲೆ ವಾಪಸ್ ಬಂದು ಕೊನೆಯ ವರ್ಷ. ಇದಕ್ಕೆ ಸ್ಯಾಂಡ್‌ವಿಚ್ ಕೋರ್ಸ್ ಅಂತಲೂ ಹೆಸರಿದೆ. ನಡುವೆ ಸಿಕ್ಕಿಕೊಂಡವರಿಗೇ ಗೊತ್ತು ಅದರ ಕಷ್ಟ.

ಜಾಗ ಹುಡುಕಿಕೊಳ್ಳುವುದು ನಮ್ಮದೇ ತಲೆನೋವು. ಹನ್ನೊಂದು ಕಡೆ ಅರ್ಜಿ ಹಾಕಿದ್ದೆ. ಏಳು ಕಡೆಯಿಂದ ಉತ್ತರವೇ ಇಲ್ಲ, ಮೂರು ಕಡೆ ಬೇಡ ಅಂದರು. ಹನ್ನೊಂದನೆಯವರು ಇಂಟರ್‌ವ್ಯೂಗೆ ಕರೆದರು. ಜೀನ್ ಎಡಿಟಿಂಗ್, ಸೆಲ್ ಸಿಗ್ನಲಿಂಗ್ ಎಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದು ಒಂದು ಸಣ್ಣ ಲೆಕ್ಕ. 10 ಮಿಲಿಮೋಲಾರ್ ಸ್ಟಾಕ್, ಅಂದರೆ ಗಾಢ ದ್ರಾವಣ ಇದೆ, 200 ಮೈಕ್ರೋಮೋಲಾರ್ ದ್ರಾವಣ 50 ಮಿಲಿಲೀಟರ್ ಬೇಕು, ಸ್ಟಾಕ್ ಎಷ್ಟು ತಗೋತೀರಿ? 1 ಮಿಲಿಲೀಟರ್ ಅಂದೆ. ಒಳಗೊಳಗೇ ಖುಷಿ. "ನೀರು ಎಷ್ಟು?" 50 ಅಂದುಬಿಟ್ಟೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ಐದಾರು ಸೆಕೆಂಡ್ ಆದ ಮೇಲೆ "ಅಯ್ಯೋ, 49, 49" ಅಂತ ಹೆಚ್ಚುಕಡಿಮೆ ಕೂಗಿದೆ. ತಪ್ಪನ್ನು ನೀವೇ ಹಿಡಿದಿರಲ್ಲ, ಅದಕ್ಕೇ ತಗೊಂಡೆವು ಅಂತ ಸೂಪರ್‌ವೈಸರ್ ಆಮೇಲೆ ಯಾವಾಗಲೋ ಹೇಳಿದರು.

ಆ ಕಂಪನಿ ಔಷಧಿಗೆ ಬೇಕಾದ ಆಂಟಿಬಾಡಿ ಅನ್ನುವ ಪ್ರೊಟೀನ್ ತಯಾರಿಸುತ್ತದೆ. ತಯಾರಿಸುತ್ತದೆ ಅನ್ನುವುದಕ್ಕಿಂತ ಜೀವಕೋಶಗಳ ಕೈಲಿ ಮಾಡಿಸುತ್ತದೆ ಅನ್ನಬೇಕು. ಆ ಕೋಶಗಳ ಹೆಸರು ಸಿಎಚ್‌ಓ, ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ 'ಚೋ'. ಚೈನೀಸ್ ಹ್ಯಾಮ್‌ಸ್ಟರ್ ಅನ್ನುವ ಇಲಿಯಂಥ ಪುಟ್ಟ ಪ್ರಾಣಿಯ ಅಂಡಾಶಯದಿಂದ 1957ರಲ್ಲಿ ಅಮೆರಿಕದ ವಿಜ್ಞಾನಿ ಥಿಯೋಡರ್ ಪಕ್ ಬೆಳೆಸಿದ ಕೋಶಗಳ ಸಂತತಿ ಅದು. ಆ ಪ್ರಾಣಿ ಸತ್ತು ಎಷ್ಟೋ ದಶಕ ಆಯಿತು. ಅದರ ಕೋಶಗಳು ಮಾತ್ರ ಇವತ್ತಿಗೂ ಸ್ಟೀಲ್ ಟ್ಯಾಂಕುಗಳಲ್ಲಿ ದುಡಿಯುತ್ತಿವೆ.

ನಾನಿದ್ದದ್ದು ಕ್ವಾಲಿಟಿ ಕಂಟ್ರೋಲ್ ವಿಭಾಗದಲ್ಲಿ. ಈ ಕೋಶಗಳ ಜೊತೆ ಮೈಕೋಪ್ಲಾಸ್ಮಾ ಸೇರಿಕೊಂಡಿದೆಯಾ ಅಂತ ಪರೀಕ್ಷೆ ಮಾಡುವುದು ನನ್ನ ಕೆಲಸ. ಮೈಕೋಪ್ಲಾಸ್ಮಾ ಅಂದರೆ ಬ್ಯಾಕ್ಟೀರಿಯಾಗಳಲ್ಲೇ ಪಕ್ಕಾ ಕಳ್ಳ. ಬೇರೆ ಬ್ಯಾಕ್ಟೀರಿಯಾ ಬಂದರೆ ದ್ರವ ಕದಡುತ್ತದೆ, ಕಣ್ಣಿಗೇ ಗೊತ್ತಾಗುತ್ತದೆ. ಇದು ಬಂದರೆ ಫ್ಲಾಸ್ಕ್ ಮೊದಲಿನಷ್ಟೇ ತಿಳಿಯಾಗಿ ಇರುತ್ತದೆ. ಇದಕ್ಕೆ ಕೋಶಭಿತ್ತಿ ಇಲ್ಲ. ಹಾಗಾಗಿ ಕೋಶಭಿತ್ತಿ ಕಟ್ಟುವುದನ್ನು ತಡೆಯುವ ಪೆನಿಸಿಲಿನ್‌ಗೆ ಕ್ಯಾರೇ ಅನ್ನುವುದಿಲ್ಲ. ಗೋಡೆ ಇಲ್ಲದ ಮೈಯನ್ನು ಬಳುಕಿಸಿಕೊಂಡು ಬ್ಯಾಕ್ಟೀರಿಯಾ ತಡೆಯುವ 0.22 ಮೈಕ್ರಾನ್ ಫಿಲ್ಟರ್‌ನಲ್ಲೂ ನುಸುಳಿಬಿಡುತ್ತದೆ. ಬೆಳೆಸಿ ನೋಡುವ ಹಳೇ ವಿಧಾನಕ್ಕೆ 28 ದಿನ ಕಾಯಬೇಕು. ಪಿಸಿಆರ್, ಅಂದರೆ ಡಿಎನ್‌ಎಯ ಒಂದು ತುಣುಕನ್ನು ಕೋಟಿಗಟ್ಟಲೆ ನಕಲು ಮಾಡಿ ಹಿಡಿಯುವ ವಿಧಾನಕ್ಕೆ ಒಂದು ದಿನ ಸಾಕು.

ಆದರೆ ಮೊದಲ ತಿಂಗಳು ನನಗೆ ಸ್ಯಾಂಪಲ್ ಮುಟ್ಟಲೂ ಬಿಡಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಎಸ್‌ಓಪಿ, ಅಂದರೆ ಪ್ರತಿ ಕೆಲಸ ಹೇಗೆ ಮಾಡಬೇಕು ಅನ್ನುವ ಲಿಖಿತ ನಿಯಮ ಓದುವುದು, 'ಓದಿ ಅರ್ಥಮಾಡಿಕೊಂಡಿದ್ದೇನೆ' ಅಂತ ಸಹಿ ಹಾಕುವುದು. ಆಮೇಲೆ ಪಿಪೆಟ್ ತರಬೇತಿ. ದ್ರವವನ್ನು ಅಳೆದು ಎತ್ತಿ ಹಾಕುವ ಸಾಧನ ಅದು. ಎರಡು ವರ್ಷ ಪಿಪೆಟ್ ಹಿಡಿದವಳಿಗೆ ಇದೇನು ತರಬೇತಿ ಅಂತ ಮನಸ್ಸಿನಲ್ಲೇ ನಕ್ಕಿದ್ದೆ. ಸೂಕ್ಷ್ಮ ತಕ್ಕಡಿಯ ಮುಂದೆ ಕೂರಿಸಿದರು. 100 ಮೈಕ್ರೋಲೀಟರ್ ನೀರು ಅಂದರೆ ಹೆಚ್ಚುಕಡಿಮೆ 100 ಮಿಲಿಗ್ರಾಂ ತೂಗಬೇಕು. ಹತ್ತು ಸಲ ಹಾಕು ಅಂದರು. 97, 103, 94, 101... ನನ್ನ ನಗು ಅಲ್ಲಿಗೇ ನಿಂತಿತು. ಪಿಪೆಟ್ ತುದಿಯ ಟಿಪ್ಪನ್ನು ಜಾಸ್ತಿ ಆಳಕ್ಕೆ ಮುಳುಗಿಸುತ್ತಿದ್ದೆ. ಓರೆಯಾಗಿ ಹಿಡಿಯುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ ಗುಂಡಿ ಒತ್ತಿದ ಹೆಬ್ಬೆರಳನ್ನು ಟಕ್ ಅಂತ ಬಿಡುತ್ತಿದ್ದೆ, ಗಾಳಿ ಸೇರಿಕೊಳ್ಳುತ್ತಿತ್ತು. ಕಾಲೇಜಿನಲ್ಲಿ ಎಲ್ಲರೂ ನನ್ನ ರಿಸಲ್ಟ್ ನೋಡಿದ್ದರು, ಹೆಬ್ಬೆರಳನ್ನು ಯಾರೂ ನೋಡಿರಲಿಲ್ಲ. ಕೈ ಕುದುರುವುದಕ್ಕೆ ಒಂದು ವಾರ ಹಿಡಿಯಿತು.

ಇನ್ನು ನೋಟ್‌ಬುಕ್. ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಗೀಚಿ ಮುಚ್ಚುವ ಹಾಗಿಲ್ಲ. ಕೆಳಗಿನದು ಓದುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ, ತಾರೀಖು, ಕಾರಣ. ಯಾವ ಬಾಟಲಿ, ಯಾವ ಲಾಟ್, ಯಾವ ನಂಬರಿನ ಪಿಪೆಟ್, ಎಲ್ಲ ಬರೆಯಬೇಕು. ಬರೆದಿಲ್ಲ ಅಂದರೆ ಮಾಡಿಲ್ಲ ಅಂತಲೇ ಲೆಕ್ಕ. ಪಿಪೆಟ್ ನಂಬರ್ ಬರೆಯುವಾಗೆಲ್ಲ, ಇದನ್ನು ಯಾವ ಪುಣ್ಯಾತ್ಮ ಓದುತ್ತಾನೆ ಅಂತ ಗೊಣಗುತ್ತಿದ್ದೆ.

ಈಗ ಆ ಗೆರೆಯ ವಿಷಯಕ್ಕೆ ಬರುತ್ತೇನೆ.

ಪಿಸಿಆರ್ ಬಗ್ಗೆ ಎರಡನೇ ವರ್ಷದ ಪರೀಕ್ಷೆಯಲ್ಲಿ ನಾನು ಎರಡೂವರೆ ಪುಟ ಬರೆದಿದ್ದೆ. 1983ರಲ್ಲಿ ಅಮೆರಿಕದ ವಿಜ್ಞಾನಿ ಕ್ಯಾರಿ ಮುಲ್ಲಿಸ್‌ಗೆ ಇದು ಹೊಳೆದದ್ದು, 1993ರಲ್ಲಿ ನೊಬೆಲ್ ಬಂದದ್ದು, ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಯಲ್ಲಿ ಸಿಕ್ಕ ಥರ್ಮಸ್ ಅಕ್ವಾಟಿಕಸ್ ಅನ್ನುವ ಬ್ಯಾಕ್ಟೀರಿಯಾದ, ಡಿಎನ್‌ಎ ನಕಲು ಮಾಡುವ ಕಿಣ್ವ 95 ಡಿಗ್ರಿಯಲ್ಲೂ ಕೆಡದೆ ಇರುವುದು. ಚಿತ್ರ ಕೂಡ ಬರೆದಿದ್ದೆ, ಬಣ್ಣದ ಪೆನ್ಸಿಲ್‌ನಲ್ಲಿ. ಒಂದು ಸುತ್ತಿಗೆ ಡಿಎನ್‌ಎ ಎರಡರಷ್ಟು ಆಗುತ್ತದೆ, 30 ಸುತ್ತಿಗೆ ಒಂದು ತುಣುಕು 107 ಕೋಟಿ ಆಗುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದ್ದೆ. ಒಳ್ಳೇ ಅಂಕ ಬಂದಿತ್ತು.

ಆ 107 ಕೋಟಿ ಎಲ್ಲಿ ಕೂತಿರುತ್ತದೆ ಅಂತ ಮಾತ್ರ ಯೋಚನೆ ಮಾಡಿರಲಿಲ್ಲ. ಒಂದು ಪುಟಾಣಿ ಟ್ಯೂಬಿನಲ್ಲಿ, ಮುಚ್ಚಳದ ಕೆಳಗೆ. ಮುಚ್ಚಳ ತೆಗೆದರೆ ಕಣ್ಣಿಗೆ ಕಾಣದ ಹನಿ ಎಗರುತ್ತದೆ. ಆ ಹನಿ ಮುಂದಿನ ಟೆಸ್ಟಿನ ಟ್ಯೂಬಿಗೆ ಬಿದ್ದರೆ ಅದು ಮತ್ತೆ ಕೋಟಿಗಟ್ಟಲೆ ಆಗುತ್ತದೆ. ಇದೇ ಕಾರಣಕ್ಕೆ ಲ್ಯಾಬಿನಲ್ಲಿ ಎರಡು ರೂಮು. ಒಂದರಲ್ಲಿ ಟೆಸ್ಟ್ ತಯಾರಿ, ಇನ್ನೊಂದರಲ್ಲಿ ಮುಗಿದ ಟ್ಯೂಬ್ ತೆರೆದು ಜೆಲ್ ಓಡಿಸುವುದು. ಮೊದಲ ರೂಮಿನಿಂದ ಎರಡನೆಯದಕ್ಕೆ ಹೋಗಬಹುದು, ಅಲ್ಲಿಂದ ಏನನ್ನೂ ವಾಪಸ್ ತರುವ ಹಾಗಿಲ್ಲ. ಎಸ್‌ಓಪಿಯಲ್ಲಿ ಓದಿ ಸಹಿ ಹಾಕಿದ್ದೆನಲ್ಲ.

ನೀರಿನ ಟ್ಯೂಬಿನಲ್ಲೂ ಗೆರೆ ಬಂತು ಅಂದರೆ ಉಳಿದ ಗೆರೆಗಳನ್ನೂ ನಂಬುವ ಹಾಗಿಲ್ಲ, ಆ ದಿನದ ಟೆಸ್ಟ್ ಪೂರ್ತಿ ರದ್ದು. ನೀರು ಬದಲಿಸಿದೆ. ಗೆರೆ ಬಂತು. ನಕಲು ಎಲ್ಲಿಂದ ಶುರು ಅಂತ ಗುರುತಿಸುವ ಪ್ರೈಮರ್ ಅನ್ನುವ ಡಿಎನ್‌ಎ ತುಣುಕು ಬದಲಿಸಿದೆ. ಬಂತು. ಕಿಣ್ವದ ಹೊಸ ಲಾಟ್ ತರಿಸಿದೆ. ಬಂತು. ದಿನಾ ಬೆಳಿಗ್ಗೆ ಬೆಂಚನ್ನು, ಪಿಪೆಟ್‌ಗಳನ್ನು ಶೇ. 70ರ ಎಥನಾಲ್‌ನಿಂದ ಫಳಫಳ ಹೊಳೆಯುವ ಹಾಗೆ ಒರೆಸಿದೆ. ಎರಡು ವಾರ ಹೀಗೇ ಹೋಯಿತು. ಸ್ಯಾಂಪಲ್‌ಗಳು ಫ್ರಿಜ್ಜಿನಲ್ಲಿ ಸಾಲುಗಟ್ಟಿದವು. ರಾತ್ರಿ ಮಲಗಿದರೆ ಕಣ್ಣ ಮುಂದೆ ಆ ಗೆರೆಯೇ.

ಸೂಪರ್‌ವೈಸರ್ ಒಂದು ಸಂಜೆ ಪಕ್ಕದಲ್ಲಿ ಬಂದು ಕೂತರು. ಜಾಸ್ತಿ ಮಾತಾಡುವವರಲ್ಲ.

"ಬೆಂಚು ಯಾವುದರಿಂದ ಒರೆಸ್ತೀರಿ?"

"ಎಥನಾಲ್."

"ಡಿಎನ್‌ಎ ಬೇರ್ಪಡಿಸುವಾಗ ಕೊನೆಗೆ ಏನು ಹಾಕ್ತೀರಿ?"

"ತಣ್ಣಗಿನ ಎಥ..."

ವಾಕ್ಯ ಮುಗಿಸಲಿಲ್ಲ. ಮೊದಲ ವರ್ಷದ ಪ್ರಾಕ್ಟಿಕಲ್‌ನಲ್ಲೇ ಮಾಡಿದ್ದೆ. ಎಥನಾಲ್ ಹಾಕಿದರೆ ಡಿಎನ್‌ಎ ನಾಶ ಆಗುವುದಿಲ್ಲ, ಬಿಳಿ ಎಳೆಯಾಗಿ ಹೊರಗೆ ಬಂದು ಕೂರುತ್ತದೆ. ಎಥನಾಲ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅದರ ಡಿಎನ್‌ಎ ಅಲ್ಲೇ ಉಳಿಯುತ್ತದೆ. ಎರಡು ವಾರ ನಾನು ಅದನ್ನು ಒರೆಸಿ ತೆಗೆಯುತ್ತಿದ್ದೇನೆ ಅಂದುಕೊಂಡು ಬೆಂಚಿನ ತುಂಬ ಸಾರಿಸುತ್ತಿದ್ದೆ. ಡಿಎನ್‌ಎ ಮುರಿಯಬೇಕಾದರೆ ಬ್ಲೀಚ್ ಬೇಕು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದರು ಅನ್ನುತ್ತಾರಲ್ಲ, ನನ್ನ ಕಥೆಯಲ್ಲಿ ಆ ಬೆಣ್ಣೆಗೆ ಅಂಕ ಕೂಡ ಬಂದಿತ್ತು.

ಸರಿ, ಎಥನಾಲ್‌ನಿಂದ ಹೋಗಲಿಲ್ಲ. ಬಂದದ್ದಾದರೂ ಎಲ್ಲಿಂದ? ಅವರು ನನ್ನ ನೋಟ್‌ಬುಕ್ ತಗೊಂಡು ಹಿಂದಿನಿಂದ ಮುಂದಕ್ಕೆ ಮಗುಚಿದರು. ಒಂದು ಪುಟದಲ್ಲಿ ಬೆರಳು ನಿಂತಿತು. ಜೆಲ್‌ಗೆ ಸ್ಯಾಂಪಲ್ ಹಾಕಿದ ಪುಟ. ಪಿಪೆಟ್ ನಂಬರ್ 14. ಮರುದಿನದ ತಯಾರಿ ಪುಟ. ಪಿಪೆಟ್ ನಂಬರ್ 14.

ಆಗ ನೆನಪಾಯಿತು. ಜೆಲ್ ರೂಮಿನ ಪಿಪೆಟ್ ಕ್ಯಾಲಿಬ್ರೇಷನ್‌ಗೆ, ಅಂದರೆ ಅಳತೆ ಸರಿ ಇದೆಯಾ ಅಂತ ನೋಡಿಸಲು ಹೋಗಿತ್ತು. ಒಂದೇ ಒಂದು ದಿನ, ತಯಾರಿ ರೂಮಿನದ್ದನ್ನು ತಗೊಂಡು ಹೋಗಿ, ಹನಿ ಪಿಪೆಟ್ ಒಳಗೆ ಹೋಗದಂತೆ ತಡೆಯುವ ಫಿಲ್ಟರ್ ಇಲ್ಲದ ಟಿಪ್ ಹಾಕಿ ಕೆಲಸ ಮುಗಿಸಿ, ಚೆನ್ನಾಗಿ ಒರೆಸಿ ವಾಪಸ್ ಇಟ್ಟಿದ್ದೆ. ಯಾವುದರಿಂದ ಒರೆಸಿದ್ದೆ ಅಂತ ಬೇರೆ ಹೇಳಬೇಕಾ? ನೀರು, ಪ್ರೈಮರ್, ಕಿಣ್ವ ಎಲ್ಲದರ ಮೇಲೂ ಅನುಮಾನ ಪಟ್ಟವಳಿಗೆ ಅದನ್ನೆಲ್ಲ ಎತ್ತಿ ಹಾಕುತ್ತಿದ್ದ ಪಿಪೆಟ್ ಮೇಲೆ ಅನುಮಾನ ಬಂದಿರಲಿಲ್ಲ.

ಇನ್ನೊಂದು ವಿಷಯ ಇದೆ. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಹಳೇ ಜೆಲ್ ಫೋಟೋಗಳನ್ನು ತೆಗೆದು ನೋಡಿದಾಗ, ಮೊದಲ ಗೆರೆ ಕಂಡ ದಿನಕ್ಕಿಂತ ಮುಂಚಿನ ಒಂದು ಫೋಟೋದಲ್ಲೂ ನೀರಿನ ಲೇನಿನಲ್ಲಿ ಮಸುಕು ನೆರಳಿತ್ತು. ನಾನು ಅದನ್ನು ನೋಡಿದ್ದೆ. ನೋಡಿ 'ಇಲ್ಲ' ಅಂತ ಬರೆದಿದ್ದೆ. ಶುಕ್ರವಾರ ಸಂಜೆ, ಬೇಗ ಹೊರಡಬೇಕಿತ್ತು, ಜೆಲ್ ಸರಿಯಾಗಿ ತೊಳೆದಿಲ್ಲ ಅಷ್ಟೇ ಅಂದುಕೊಂಡಿದ್ದೆ. ಆ ದಿನದ ಸ್ಯಾಂಪಲ್ ಎಲ್ಲ ಮತ್ತೆ ಟೆಸ್ಟ್ ಮಾಡಬೇಕಾಯಿತು. ಎಲ್ಲ ನೆಗೆಟಿವ್ ಬಂದವು, ಪುಣ್ಯ.

ಡೀವಿಯೇಷನ್ ರಿಪೋರ್ಟ್, ಅಂದರೆ ನಿಯಮ ತಪ್ಪಿದ್ದು ಯಾಕೆ ಅನ್ನುವ ವರದಿ ನಾನೇ ಬರೆದೆ, ಆರು ಪುಟ. ಕಾರಣ ಅನ್ನುವ ಕಡೆ 'ನನ್ನ ತಪ್ಪು' ಅಂತ ಬರೆದೆ. ಸೂಪರ್‌ವೈಸರ್ ಅದರ ಮೇಲೆ ಒಂದೇ ಗೆರೆ ಎಳೆದು, ಸಹಿ ಹಾಕಿ, ತಾರೀಖು ಬರೆದರು. "ಇದು ಕಾರಣ ಅಲ್ಲ. ಆ ಪಿಪೆಟ್ ಬಾಗಿಲು ದಾಟೋದು ಅಷ್ಟು ಸುಲಭ ಯಾಕಾಯ್ತು, ಅದನ್ನ ಬರೀರಿ." ಎರಡೂ ರೂಮಿನ ಪಿಪೆಟ್ ನೋಡಲು ಒಂದೇ ಥರ ಇದ್ದವು. ಬದಲಿಗೆ ಇಡಲು ಇನ್ನೊಂದು ಇರಲಿಲ್ಲ. ಅವೆರಡನ್ನೂ ಬರೆದೆ. ಮುಂದಿನ ವಾರ ಜೆಲ್ ರೂಮಿನ ಸಾಮಾನಿಗೆಲ್ಲ ಕೆಂಪು ಟೇಪ್ ಸುತ್ತಿದೆ. ನಾನು ಬಿಟ್ಟು ಬರುವಾಗಲೂ ಆ ಟೇಪ್ ಹಾಗೇ ಇತ್ತು.

ಉಳಿದ ತಿಂಗಳುಗಳ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಲೇಬಲ್ ಅಂಟಿಸಿದೆ, ಅದು ಮುಗಿಯುವುದೇ ಇಲ್ಲ. ಯೂನಿವರ್ಸಿಟಿಯಿಂದ ಟ್ಯೂಟರ್ ಎರಡು ಸಲ ಬಂದು ನೋಡಿದರು. ಪ್ಲೇಸ್‌ಮೆಂಟ್ ವರದಿಯನ್ನು ಕೊನೆಯ ತಿಂಗಳಿಗೆ ಬಿಟ್ಟು ಒದ್ದಾಡಿದೆ. ನೀವು ಹೋಗುವವರಿದ್ದರೆ ಮೊದಲ ವಾರದಿಂದಲೇ ದಿನಕ್ಕೆ ಎರಡು ಸಾಲು ಬರೆದಿಡಿ, ನನ್ನ ಹಾಗೆ ಮಾಡಬೇಡಿ.

ವಾಪಸ್ ಬಂದಾಗ ನನ್ನ ಜೊತೆಯವರಲ್ಲಿ ಪ್ಲೇಸ್‌ಮೆಂಟ್‌ಗೆ ಹೋಗದವರು ಡಿಗ್ರಿ ಮುಗಿಸಿ ಹೊರಟಿದ್ದರು. ಕ್ಲಾಸಿನ ತುಂಬ ಜೂನಿಯರ್‌ಗಳು. ಮೂರು ಗಂಟೆ ಕೂತು ಪರೀಕ್ಷೆ ಬರೆಯುವ ಅಭ್ಯಾಸವೇ ತಪ್ಪಿಹೋಗಿತ್ತು, ಮೊದಲ ಟೆಸ್ಟಿನಲ್ಲಿ ಅರ್ಧ ಗಂಟೆಗೇ ಕೈ ನೋವು.

ಹೋದ ತಿಂಗಳು ಪಿಸಿಆರ್ ಪ್ರಾಕ್ಟಿಕಲ್ ಇತ್ತು. ಒಬ್ಬೊಬ್ಬರಿಗೆ ಎಂಟು ಟ್ಯೂಬ್. ಏಳು ಸ್ಯಾಂಪಲ್, ಒಂದು ಪಾಸಿಟಿವ್ ಕಂಟ್ರೋಲ್. ನೀರಿಗೆ ಜಾಗವೇ ಇಲ್ಲ. ಕೇಳಿದೆ. ಪ್ರಾಕ್ಟಿಕಲ್ ಮಾಡಿಸುವವರು ಟೈಮ್ ಇಲ್ಲ, ಕಿಟ್ ಲೆಕ್ಕ ಹಾಕಿ ಕೊಟ್ಟಿದ್ದಾರೆ ಅಂದರು. ನನ್ನ ಏಳನೇ ಸ್ಯಾಂಪಲ್ ಬಿಟ್ಟು ಆ ಟ್ಯೂಬಿಗೆ ನೀರು ಹಾಕಿದೆ. ಪಕ್ಕದ ಬೆಂಚಿನ ಹುಡುಗ "ಒಂದು ರಿಸಲ್ಟ್ ಸುಮ್ನೆ ಹಾಳು ಮಾಡಿದ್ರಲ್ಲ" ಅಂದ.

ಜೆಲ್ ಫೋಟೋ ಬಂತು. ಕೊನೆಯ ಲೇನ್ ಖಾಲಿ ಇತ್ತು. ಪೂರ್ತಿ ಕಪ್ಪು.

ರಿಪೋರ್ಟ್ ಬರೆಯುವ ಹಿಂದಿನ ರಾತ್ರಿ ಅದೇ ಹುಡುಗನ ಮೆಸೇಜ್. ನೀರಿನ ಕಂಟ್ರೋಲ್ ಬಗ್ಗೆ ಬರೆದರೆ ಎರಡು ಅಂಕ ಜಾಸ್ತಿ ಕೊಡುತ್ತಾರಂತೆ, ನಿಮ್ಮ ಫೋಟೋ ನಾವೆಲ್ಲ ಹಾಕಿಕೊಳ್ಳಬಹುದಾ ಅಂತ. ಫೋಟೋ ಕಳಿಸಿದೆ. ಇದು ನನ್ನ ಟ್ಯೂಬುಗಳಿಗೆ ಮಾತ್ರ ಸಾಕ್ಷಿ, ನಿನ್ನ ಟ್ಯೂಬಿಗೆ ಏನು ಬಿದ್ದಿದೆಯೋ ನನಗೆ ಗೊತ್ತಿಲ್ಲ ಅಂತ ಕೆಳಗೆ ಬರೆದೆ. ಅವನು ಒಂದು ನಗುವ ಮುಖ ಕಳಿಸಿದ. ಅರ್ಧ ಗಂಟೆ ಬಿಟ್ಟು ಇನ್ನೊಂದು ಮೆಸೇಜ್ ಬಂತು: "ಅಂದರೆ ನನ್ನ ನಾಲ್ಕನೇ ಲೇನ್‌ನ ಗೆರೆ ನಿಜಾನೋ ಅಲ್ವೋ?"