ಶಾಲೆಯ 9 ಲ್ಯಾಪ್‌ಟಾಪ್: ಪಾಸ್‌ವರ್ಡ್ ಒಂದೇ ಸಲ ಕೇಳೋ ಹಾಗೆ ಮಾಡಿದ್ದು

ಸೋಮವಾರಪೇಟೆ ಹತ್ತಿರದ ಶಾಲೆಯ 9 ಹಳೇ ಲ್ಯಾಪ್‌ಟಾಪ್‌ಗಳಿಗೆ ಉಬುಂಟು (ವಿಂಡೋಸ್ ಥರದ, ಲಿನಕ್ಸ್ ಆಧಾರಿತ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿ ಆಗಿತ್ತು. ಈ ವಾರ ಎರಡು ದಿನ ಮಳೆ ರಜೆ ಸಿಕ್ಕಿತು, ಕೂತು ಇನ್‌ಸ್ಟಾಲ್ ಸ್ಕ್ರಿಪ್ಟ್ ಬರೆದೆ, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲು. ಕನ್ನಡ ಫಾಂಟು, ಬೇರೆ ಭಾಷೆ ಟೈಪ್ ಮಾಡಿಸೋ ಐಬಸ್‌ನಲ್ಲಿ ಕನ್ನಡದ ಕೆಜಿಪಿ ಕೀಲಿಮಣೆ, ಮಕ್ಕಳಿಗೆ ಆಡುತ್ತಾ ಕಲಿಯೋ ಜಿಕಾಂಪ್ರಿ. ಒಂದು ಕಮಾಂಡ್ ಕೊಟ್ಟರೆ ಎಲ್ಲಾ ತಾನಾಗಿ ಕೂರಬೇಕು.

ಮೊದಲ ಸ್ಕ್ರಿಪ್ಟ್‌ನಲ್ಲಿ ಸಾಲು ಸಾಲಿಗೂ ಸುಡೋ (ಪಾಸ್‌ವರ್ಡ್ ಕೇಳಿ, ಆ ಕಮಾಂಡನ್ನು ಅಡ್ಮಿನ್ ಅಧಿಕಾರದಲ್ಲಿ ಓಡಿಸೋದು) ಇತ್ತು. ಉಬುಂಟು ಒಮ್ಮೆ ಕೊಟ್ಟ ಪಾಸ್‌ವರ್ಡನ್ನು 15 ನಿಮಿಷ ಒಪ್ಪಿಕೊಳ್ಳುತ್ತೆ, ಅಷ್ಟು ಸಾಕು ಅಂದುಕೊಂಡಿದ್ದೆ. ಆದರೆ ಈ ಮಳೆಯಲ್ಲಿ ನೆಟ್ ಹೇಗಿರುತ್ತೆ ಗೊತ್ತಲ್ವಾ, ಒಂದು ದೊಡ್ಡ ಪ್ಯಾಕೇಜ್ ಇಳಿಯೋಕೇ ಅರ್ಧ ಗಂಟೆ ಆಯಿತು, ಅಷ್ಟರಲ್ಲಿ ಅವಧಿ ಮುಗಿದು ಮುಂದಿನ ಸಾಲು ಮತ್ತೆ ಪಾಸ್‌ವರ್ಡ್ ಕೇಳುತ್ತಾ ನಿಂತಿತ್ತು. ಶಾಲೆಯ ಮೇಡಂ ಫೋನ್ ಮಾಡಿದರು: "ಟೈಪ್ ಮಾಡಿದ್ರೆ ಒಂದಕ್ಷರವೂ ಬೀಳ್ತಿಲ್ಲ ಸರ್, ಕೀಬೋರ್ಡ್ ಹೋಯ್ತಾ?" ಹಾಳಾಗಿರಲಿಲ್ಲ. ಸುಡೋ ಅಲ್ಲಿ ಚುಕ್ಕೆ ಕೂಡ ತೋರಿಸಲ್ಲ. ಟೈಪ್ ಮಾಡಿ ಎಂಟರ್ ಒತ್ತಿ ಅಂದೆ, ಮುಂದೆ ಹೋಯಿತು.

ಪಾಸ್‌ವರ್ಡನ್ನೇ ಸ್ಕ್ರಿಪ್ಟ್‌ನಲ್ಲಿ ಬರೆದು, ಎಕೋ ಮಾಡಿ, ಸುಡೋದ ದೊಡ್ಡ ಎಸ್ ಆಯ್ಕೆಗೆ (-S) ಪೈಪ್ ಮಾಡಬಹುದು, ಅಂದರೆ ಯಾರೂ ಟೈಪ್ ಮಾಡದೆ ನೇರ ಕೊಡಬಹುದು. ಕೆಲಸ ನಡೆಯುತ್ತೆ. ಆದರೆ ಆ ಫೈಲು ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಓಡಾಡುತ್ತೆ, ತೆರೆದವರಿಗೆಲ್ಲ ಪಾಸ್‌ವರ್ಡ್ ಕಾಣುತ್ತೆ. ಪ್ರಶ್ನೆಗೆ ತಾನೇ ಉತ್ತರ ಕೊಡೋ ಎಕ್ಸ್‌ಪೆಕ್ಟ್ ಬಳಸಿ ಪಾಸ್‌ವರ್ಡ್ ಒಳಗೇ ಬರೆದರೂ ಅದೇ ಕಥೆ. ಸುಡೋ ಯಾರಿಗೆ ಏನು ಬಿಡಬೇಕು ಅಂತ ಬರೆದಿರೋ ಸುಡೋಯರ್ಸ್ ಫೈಲಿನಲ್ಲಿ ಪಾಸ್‌ವರ್ಡೇ ಬೇಡ ಅಂತ ಹಾಕಿದರೆ ಆ ಅಕೌಂಟ್‌ನಲ್ಲಿ ಕೂತ ಯಾವ ಮಗುವಾದರೂ ಏನು ಬೇಕಾದರೂ ಅಳಿಸಬಹುದು. ಮಕ್ಕಳ ಯಂತ್ರಕ್ಕೆ ಇದನ್ನು ನಾನಂತೂ ಮಾಡಲ್ಲ.

ಕೊನೆಗೆ ಒಳಗಿನ ಸುಡೋಗಳನ್ನೆಲ್ಲ ತೆಗೆದೆ. ಇಡೀ ಸ್ಕ್ರಿಪ್ಟನ್ನೇ ಸುಡೋ ಹಾಕಿ ಓಡಿಸೋದು, ಅಷ್ಟೇ. ಮೊದಲ ಸಾಲಲ್ಲೇ ಯೂಸರ್ ಐಡಿ 0 (ಅಂದರೆ ರೂಟ್, ಎಲ್ಲ ಅಧಿಕಾರ ಇರೋ ಅಡ್ಮಿನ್ ಅಕೌಂಟ್) ಹೌದೋ ಅಲ್ಲವೋ ನೋಡಿ, ಅಲ್ಲದಿದ್ದರೆ ಕನ್ನಡದಲ್ಲೇ ಹೇಳಿ ನಿಲ್ಲುತ್ತೆ. ಒಮ್ಮೆ ರೂಟ್ ಆಗಿ ಶುರುವಾದರೆ ಎರಡು ಗಂಟೆ ಹಿಡಿದರೂ ಮತ್ತೆ ಕೇಳಲ್ಲ.

ಇನ್ನೊಂದು ಕಡೆ ಸಿಕ್ಕಿಕೊಂಡಿತ್ತು. ಮೈಕ್ರೋಸಾಫ್ಟ್ ಫಾಂಟ್‌ಗಳ ಪ್ಯಾಕೇಜ್ ಲೈಸೆನ್ಸ್ ಒಪ್ಪಿಗೆ ಕೇಳುತ್ತೆ. ಅದರ ಉತ್ತರವನ್ನು ಪ್ಯಾಕೇಜ್‌ಗಳ ಪ್ರಶ್ನೆ-ಉತ್ತರ ನೋಡಿಕೊಳ್ಳೋ ಡೆಬ್‌ಕಾನ್ಫ್‌ಗೆ ಮೊದಲೇ ಕೊಟ್ಟೆ. ಪ್ರಶ್ನೆ ಕೇಳಬೇಡ ಅನ್ನೋ ಡೆಬಿಯನ್ ಫ್ರಂಟ್‌ಎಂಡ್ ವೇರಿಯಬಲನ್ನು ಸ್ಕ್ರಿಪ್ಟ್‌ನ ಹೊರಗೆ ಎಕ್ಸ್‌ಪೋರ್ಟ್ ಮಾಡಿದ್ದೆ, ಸುಡೋ ಅದನ್ನು ಒಳಗೆ ಬಿಟ್ಟಿರಲಿಲ್ಲ. ಈಗ ಸ್ಕ್ರಿಪ್ಟ್ ಒಳಗೇ ಇದೆ.

ಬ್ಯಾಟರಿ ಸತ್ತ ಒಂದು ಲ್ಯಾಪ್‌ಟಾಪ್ ಕರೆಂಟ್ ಹೋಗಿ ಅರ್ಧದಲ್ಲೇ ಆಫ್ ಆಯಿತು. ಹಾಗಾಗಿ ಅರ್ಧ ಕೂತ ಪ್ಯಾಕೇಜ್‌ಗಳನ್ನು ಪೂರ್ತಿ ಮಾಡೋ ಡಿಪಿಕೆಜಿ ಸಾಲೊಂದನ್ನು ಶುರುವಿಗೇ ಸೇರಿಸಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಆಪ್ಟ್ ಕ್ಯಾಶರ್ ಎನ್‌ಜಿ ಹಾಕಿದ್ದೇನೆ, ಒಮ್ಮೆ ಇಳಿದದ್ದು ಮಿಕ್ಕ ಯಂತ್ರಗಳಿಗೆ ಅಲ್ಲಿಂದಲೇ ಹೋಗುತ್ತೆ.

6 ಮುಗಿದಿವೆ. ಆದರೆ ಕೆಜಿಪಿ ಸೆಟ್ಟಿಂಗ್ ಮಾತ್ರ ಮಕ್ಕಳ ಅಕೌಂಟ್ ಬಿಟ್ಟು ರೂಟ್‌ಗೆ ಹೋಗಿ ಕೂತಿದೆ. ಸುಡೋ ಕರೆದವರ ಹೆಸರು ಸುಡೋ ಯೂಸರ್ ವೇರಿಯಬಲ್‌ನಲ್ಲಿ ಇರುತ್ತೆ, ಆ ಸಾಲನ್ನು ಅವರ ಹೆಸರಲ್ಲೇ ಓಡಿಸಿ ಶನಿವಾರ ನೋಡುತ್ತೇನೆ.