ಟಾಂಗಾದಲ್ಲಿ ಜನರಲ್‌ನ ಜಾಡು ಹಿಡಿದು

ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಿಂದ ನಸುಕಿನಲ್ಲೇ ಹೊರಟ ಬಸ್ಸು ಟಾಂಗಾ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ದಾರಿಯಲ್ಲಿ ಎಕರೆಗಟ್ಟಲೆ ಕತ್ತಾಳೆ. ನಮ್ಮಲ್ಲಿ ಬೇಲಿಗೆ ಹಾಕುವ ಗಿಡವನ್ನು ಇಲ್ಲಿ ನಾರಿಗಾಗಿ ಸಾಲು ಹಿಡಿದು ಬೆಳೆಯುತ್ತಾರೆ. ಈ ಬೆಳೆ ತಂದವರು ಜರ್ಮನ್ನರು; ಮೊದಲ ಮಹಾಯುದ್ಧದವರೆಗೆ ಇದು ಅವರ ವಸಾಹತು.

ನನ್ನನ್ನು ಇಲ್ಲಿಗೆ ಎಳೆತಂದಿದ್ದು ಬೆಂಗಳೂರಿನ ಒಂದು ಕಲ್ಲು. ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಗೆ ಸೇರುವಲ್ಲಿ ಪಯನೀರ್ ಪಡೆಗಳ, ಅಂದರೆ ಸೈನ್ಯಕ್ಕೆ ದಾರಿ ಮಾಡಿಕೊಡುವ ಸಿಪಾಯಿಗಳ, ಯುದ್ಧ ಸ್ಮಾರಕ ಇದೆ. ವರ್ಷಗಟ್ಟಲೆ ಅದರ ಪಕ್ಕದಲ್ಲೇ ಓಡಾಡಿದ್ದೆ. ಒಂದು ದಿನ ಸಿಗ್ನಲ್ಲಿಗೆ ಕಾಯುತ್ತಾ ಸುಮ್ನೆ ಓದಿದೆ. ಅದರಲ್ಲಿ ಪೂರ್ವ ಆಫ್ರಿಕಾ ಅಂತ ಇತ್ತು. ನಮ್ಮ ಕಡೆಯ ಸಿಪಾಯಿಗಳು ಅಲ್ಲಿಗೆ ಯಾಕೆ ಹೋದರು? ಹುಡುಕುತ್ತಾ ಹೋದಾಗ ಟಾಂಗಾ ಸಿಕ್ಕಿತು, ಜೊತೆಗೆ ಪೌಲ್ ಫಾನ್ ಲೆಟ್ಟೋ-ಫೋರ್ಬೆಕ್ ಎಂಬ ಜರ್ಮನ್ ಸೇನಾಧಿಕಾರಿಯೂ ಸಿಕ್ಕಿದ.

ಟಾಂಗಾ ಸೈಕಲ್ಲುಗಳ ಊರು. ನಾನೂ ಒಂದನ್ನು ಬಾಡಿಗೆಗೆ ತಗೊಂಡು ರಾಸ್ ಕಸೋನೆ ಕಡೆ ಹೊರಟೆ. ಅದೊಂದು ಸಮುದ್ರಕ್ಕೆ ಚಾಚಿದ ಭೂಮಿ. 1914ರ ನವೆಂಬರ್ ಮೊದಲ ವಾರ ಬ್ರಿಟಿಷ್ ಹಡಗುಗಳಿಂದ ಸುಮಾರು 8,000 ಸೈನಿಕರು ಇಳಿದದ್ದು ಇಲ್ಲೇ. ಅವರಲ್ಲಿ 27ನೇ ಬೆಂಗಳೂರು ಬ್ರಿಗೇಡ್ ಇತ್ತು, 61ನೇ ಪಯನೀರ್ಸ್ ಇತ್ತು. ಮುಂಬೈ ಬಿಟ್ಟ ಮೇಲೆ ಎರಡು ವಾರಕ್ಕಿಂತ ಜಾಸ್ತಿ ಹಡಗಿನಲ್ಲೇ ನರಳಿದ್ದರು. ಅದಕ್ಕೂ ಮೊದಲು ಒಂದು ಬ್ರಿಟಿಷ್ ಯುದ್ಧನೌಕೆ ಬಂದರಿಗೆ ಬಂದು, ಊರು ಒಪ್ಪಿಸಿ ಅಂತ ಕೇಳಿತ್ತು. ಅಂದರೆ, ನಾವು ಬರುತ್ತಿದ್ದೇವೆ ಅಂತ ಶತ್ರುವಿಗೆ ಅವರೇ ಹೇಳಿದಂತಾಯಿತು!

ಲೆಟ್ಟೋ ತನ್ನ ಪಡೆಯನ್ನು ಒಳನಾಡಿನ ಮೋಶಿ ಊರಿಂದ ರೈಲಿನಲ್ಲಿ ತಂದ. ರಾತ್ರಿ ತಿಂಗಳ ಬೆಳಕಲ್ಲಿ ಸೈಕಲ್ ಹತ್ತಿ ಖಾಲಿ ಊರನ್ನೆಲ್ಲ ಸುತ್ತಿದ. ಕಡಲ ದಂಡೆಯವರೆಗೂ ಹೋಗಿ, ದೀಪ ಹಚ್ಚಿಕೊಂಡು ನಿಂತಿದ್ದ ಹಡಗುಗಳನ್ನು ಕಣ್ಣಾರೆ ನೋಡಿ ಬಂದ. ಅದೇ ದಾರಿಯಲ್ಲಿ ಪೆಡಲ್ ತುಳಿಯುತ್ತಾ ನನಗೆ ಮೈ ಜುಮ್ಮೆಂದಿತು. ಅವನ ಹತ್ತಿರ ಇದ್ದದ್ದು ಸುಮಾರು 1,000 ಜನ, ಹೆಚ್ಚಿನವರು ಅಸ್ಕರಿಗಳು, ಅಂದರೆ ಆಫ್ರಿಕಾದ ಸಿಪಾಯಿಗಳು.

ಸೈಕಲ್ ಅಂಗಡಿಯ ಮುದುಕರಿಗೆ ಯುದ್ಧದ ವಿಷಯ ಎತ್ತಿದೆ. "ನ್ಯೂಕಿ" ಅಂದರು. ನನಗೆ ಅರ್ಥವಾಗಲಿಲ್ಲ. ಬೆರಳುಗಳನ್ನು ಕಿವಿ ಸುತ್ತ ಆಡಿಸಿ, ಝುಂಯ್ ಅಂತ ಸದ್ದು ಮಾಡಿದರು. ಜೇನು! 4ನೇ ತಾರೀಖಿನ ಕಾಳಗದಲ್ಲಿ ಗುಂಡಿನ ಸದ್ದಿಗೆ ಕೆರಳಿದ ಜೇನು ಎರಡೂ ಕಡೆಯವರ ಮೇಲೆ ಬಿದ್ದಿತ್ತು. ಜರ್ಮನ್ನರು ಬೇಕಂತಲೇ ಬಿಟ್ಟರು ಅಂತ ಬ್ರಿಟಿಷರ ಕಡೆ ಸುದ್ದಿ ಹಬ್ಬಿತು. ಅದು ಸುಳ್ಳು. ಸೋಲಿಗೆ ನಿಜವಾದ ಕಾರಣ ತರಬೇತಿಯಿಲ್ಲದ ಪಡೆ, ಗೊತ್ತಿಲ್ಲದ ಕಾಡು, ಅಸಡ್ಡೆಯ ಮೇಲಧಿಕಾರಿಗಳು. ಮಾರನೇ ದಿನ ಬ್ರಿಟಿಷರು ಮೆಷಿನ್ ಗನ್ನು, ಲಕ್ಷಗಟ್ಟಲೆ ಗುಂಡು ಎಲ್ಲಾ ಬಿಟ್ಟು ಹಡಗು ಹತ್ತಿದರು. ಲೆಟ್ಟೋ ಅದೇ ಗುಂಡುಗಳನ್ನು ಮುಂದೆ ಅವರ ಮೇಲೇ ಹಾರಿಸಿದ.

ಅವನು ಸಮರ್ಥ, ಅದರಲ್ಲಿ ಎರಡು ಮಾತಿಲ್ಲ. 1870ರಲ್ಲಿ ಹುಟ್ಟಿದವನು. ಜರ್ಮನಿಯಿಂದ ಹೆಚ್ಚುಕಮ್ಮಿ ಏನೂ ಬರದಿದ್ದರೂ ನಾಲ್ಕು ವರ್ಷ ಕಾದಾಡಿದ. 1918ರ ನವೆಂಬರ್ 25ಕ್ಕೆ ಈಗಿನ ಜಾಂಬಿಯಾದಲ್ಲಿ ಆಯುಧ ಕೆಳಗಿಟ್ಟಾಗ ಯುರೋಪಿನಲ್ಲಿ ಯುದ್ಧ ಮುಗಿದು ಎರಡು ವಾರ ಆಗಿತ್ತು. ಮರುವರ್ಷ ಬರ್ಲಿನ್ನಿನಲ್ಲಿ ಅವನಿಗೆ ಮೆರವಣಿಗೆ. ಒಂದು ಡೈನೋಸಾರಿಗೂ ಅವನ ಹೆಸರಿಟ್ಟರು. 1964ರಲ್ಲಿ ಸತ್ತಾಗ ರಕ್ಷಣಾ ಮಂತ್ರಿಯೇ ಬಂದು ಹೊಗಳಿದರು.

ಆದರೆ ಆ ನಾಲ್ಕು ವರ್ಷ ಎರಡೂ ಸೈನ್ಯಗಳ ಹೊರೆ ಹೊತ್ತವರು ಯಾರು? ಹಳ್ಳಿಗಳಿಂದ ಹಿಡಿದು ತಂದ ಜನ. ಬ್ರಿಟಿಷರ ಕಡೆಯಲ್ಲೇ ಸುಮಾರು 95,000 ಹೊರೆಯಾಳುಗಳು ಸತ್ತರು, ಹೆಚ್ಚಾಗಿ ಗುಂಡಿಗಲ್ಲ, ಹಸಿವು ಮತ್ತು ರೋಗಕ್ಕೆ. ಸೈನ್ಯ ಹಾದುಹೋದ ಕಡೆ ಕಣಜ ಬರಿದಾಯಿತು, ಬರ ಬಿತ್ತು. ಇನ್ನೂ ಹಿಂದೆ, 1904ರಲ್ಲಿ, ಈಗಿನ ನಮೀಬಿಯಾದಲ್ಲಿ ಹೆರೆರೋ ಜನರ ನರಮೇಧ ಮಾಡಿದ ಫಾನ್ ಟ್ರೋಥಾನ ಕೈಕೆಳಗೆ ಲೆಟ್ಟೋ ಕೆಲಸ ಮಾಡಿದ್ದ. ಇದನ್ನೆಲ್ಲ ಜರ್ಮನ್ನರೇ ಈಗ ಎತ್ತಿ ಕೇಳುತ್ತಿದ್ದಾರೆ. ಹ್ಯಾನೋವರ್‌ನಲ್ಲಿ ಅವನ ಹೆಸರಿದ್ದ ರಸ್ತೆಗೆ ಈಗ ನಮೀಬಿಯಾ ಹೆಸರಿದೆ. ಲೇಟಾದರೂ ಸರಿಯಾದ ಕೆಲಸ ಅಂತ ನನಗನ್ನಿಸುತ್ತದೆ.

ಅವನು ಸತ್ತ ವರ್ಷವೇ ಜರ್ಮನಿ ಹಳೇ ಅಸ್ಕರಿಗಳ ಬಾಕಿ ಸಂಬಳ ಕೊಡಲು ಒಪ್ಪಿತು. ಸುಮಾರು ಐವತ್ತು ವರ್ಷದ ಬಾಕಿ! ಮ್ವಾಂಜಾ ಊರಿಗೆ ಬಂದ ಮುದುಕರಲ್ಲಿ ಹೆಚ್ಚಿನವರ ಹತ್ತಿರ ಕಾಗದಪತ್ರ ಇರಲಿಲ್ಲ. ಬಂದೂಕಿನ ಬದಲು ಕೈಗೆ ಪೊರಕೆ ಕೊಟ್ಟು, ಜರ್ಮನ್ ಭಾಷೆಯಲ್ಲಿ ಕವಾಯತಿನ ಆಜ್ಞೆ ಕೂಗಿದರಂತೆ. ಒಬ್ಬರೂ ತಪ್ಪಲಿಲ್ಲವಂತೆ. ಈ ಕಥೆ ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಸಂಜೆ ಯುದ್ಧದ ಸ್ಮಶಾನಕ್ಕೆ ಹೋದೆ. ಕಲ್ಲಿನ ಮೇಲೆ ರೋಮನ್ ಅಕ್ಷರದಲ್ಲಿ ನಮ್ಮ ದೇಶದ ಹೆಸರುಗಳು. ಬರೇ ಹೆಸರು, ಊರಿಲ್ಲ. ಒಂದೊಂದನ್ನೇ ಬೆರಳಿಟ್ಟು, ಮನೆಯಲ್ಲಿ ಕರೆಯುವ ಹಾಗೆ ಗಟ್ಟಿಯಾಗಿ ಓದುತ್ತಾ ಹೋದೆ. ಹುಲ್ಲು ಕೊಯ್ಯುತ್ತಿದ್ದ ಹುಡುಗ ಕತ್ತಿ ಕೆಳಗಿಟ್ಟು, ನಾನು ಮುಗಿಸುವವರೆಗೂ ನಿಂತಿದ್ದ.