ಮಳೆ ಬಿಟ್ಟ ಮೇಲೆ ಸಿಕ್ಸ್ ಬೆಲ್ಸ್‌ನ ಗಾರ್ಡಿಯನ್

ವೇಲ್ಸ್‌ನ ಅಬರ್ಟಿಲೆರಿ ಪಕ್ಕದ ಸಿಕ್ಸ್ ಬೆಲ್ಸ್‌ಗೆ ಹೋಗುವುದಾದರೆ ಮಳೆ ಬಂದು ಬಿಟ್ಟ ದಿನವೇ ಒಳ್ಳೆಯದು. ಅಲ್ಲಿನ ‘ಗಾರ್ಡಿಯನ್’ ಎಂಬ ಉಕ್ಕಿನ ಪ್ರತಿಮೆ ನೆನೆದಾಗ ಕಡುಗಂದು, ಒಣಗುತ್ತ ಬಂದಂತೆ ಕಿತ್ತಳೆ. ಎಲ್ಲ ಕಡೆ ಒಟ್ಟಿಗೆ ಒಣಗುವುದಿಲ್ಲವಾದ್ದರಿಂದ ಸ್ವಲ್ಪ ಹೊತ್ತು ಮೈಯೆಲ್ಲ ಪಟ್ಟೆ ಪಟ್ಟೆ.

1960ರ ಜೂನ್ 28ರಂದು ಇಲ್ಲಿನ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 45 ಮಂದಿ ಸತ್ತರು. ಬಿದ್ದ ಕಲ್ಲು ಉಕ್ಕಿಗೆ ಬಡಿದು ಎದ್ದ ಕಿಡಿಗೆ ಗಣಿ ಅನಿಲ ಹೊತ್ತಿಕೊಂಡಿರಬೇಕು ಎಂದಿತು ತನಿಖೆ. ಗಣಿ 1988ರಲ್ಲಿ ಮುಚ್ಚಿತು. ದುರಂತಕ್ಕೆ 50 ವರ್ಷ ತುಂಬಿದ ದಿನ, 2010ರಲ್ಲಿ, ಸೆಬಾಸ್ಟಿಯನ್ ಬೋಯ್ಸೆನ್ ಅವರ ಈ ಪ್ರತಿಮೆ ಅನಾವರಣಗೊಂಡಿತು.

ಪೀಠ ಸೇರಿ ಎತ್ತರ 20 ಮೀಟರ್. ಅಷ್ಟು ಮೇಲಿರುವ ಮುಖ ಹತ್ತಿರ ನಿಂತವರಿಗೆ ಸರಿಯಾಗಿ ಕಾಣದು; ತುಸು ದೂರ ಸರಿದು ನೋಡುವುದೇ ವಾಸಿ. ಪೀಠದಲ್ಲಿ ಸತ್ತವರ ಹೆಸರುಗಳಿವೆ, ನನ್ನ ಮಟ್ಟಿಗೆ ಅದೇ ಮುಖ್ಯ ಭಾಗ.

ಎರಕ ಹೊಯ್ದ ಪ್ರತಿಮೆ ಅಲ್ಲ ಇದು. ಕಾರ್ಟೆನ್ ಎಂಬ, ತನ್ನ ತುಕ್ಕೇ ತನಗೆ ರಕ್ಷಣೆಯಾಗುವ ಉಕ್ಕಿನ 20,000ಕ್ಕೂ ಹೆಚ್ಚು ಪಟ್ಟಿಗಳನ್ನು ಸಂದು ಬಿಟ್ಟು ಬೆಸೆದಿದ್ದಾರೆ. ಆ ಸಂದುಗಳಲ್ಲಿ ನೀರು ಇಳಿದುಹೋಗುತ್ತದೆ, ಗಾಳಿಯಾಡುತ್ತದೆ. ಕಾರ್ಟೆನ್‌ಗೆ ಬೇಕಾದ್ದೂ ಅದೇ. ಇದಕ್ಕೆ ಬಣ್ಣ ಬಳಿಯುವುದಿಲ್ಲ. ಉಕ್ಕಿನಲ್ಲಿ ಬೆರೆಸಿದ ಅಲ್ಪಸ್ವಲ್ಪ ತಾಮ್ರ, ಕ್ರೋಮಿಯಂ ಮೊದಲ ತುಕ್ಕನ್ನು ಒತ್ತಾಗಿ ಕೂರಿಸುತ್ತವೆ. ಆಮೇಲೆ ತುಕ್ಕು ಒಳಗಿಳಿಯುವುದು ಬಲು ನಿಧಾನ. ಈ ಪದರ ಹದಕ್ಕೆ ಬರಲು ಎರಡು ಮೂರು ವರ್ಷ ಹಿಡಿಯುತ್ತದೆ, ಅಷ್ಟು ದಿನವೂ ಉಕ್ಕು ನೆನೆದು ಒಣಗುತ್ತಿರಬೇಕು. ಸದಾ ಒದ್ದೆಯಾಗಿದ್ದರೆ ಸಾದಾ ಕಬ್ಬಿಣದ ಹಾಗೆ ಹಕ್ಕಳೆ ಎದ್ದು ಉದುರುತ್ತದೆ.

ಹಾಗಾಗಿ ಇಂಥ ಪ್ರತಿಮೆಗಳಲ್ಲಿ ಮೊದಲು ನೋಡಬೇಕಾದ್ದು ತಗ್ಗುಗಳನ್ನು: ಎಲೆ ಕೂತು ಕೊಳೆಯುವ ಅಂಗೈ, ಮೊಣಕೈ ಮಡಿಕೆ, ಪಾದದ ಬುಡ. ಕಡಲ ತೀರದಿಂದ ಎರಡು ಕಿಲೋಮೀಟರ್ ಒಳಗಂತೂ ಕಾರ್ಟೆನ್ ಬೇಡ, ಉಪ್ಪುಗಾಳಿಗೆ ಪದರ ನಿಲ್ಲುವುದಿಲ್ಲ. ಸಿಕ್ಸ್ ಬೆಲ್ಸ್ ಒಳನಾಡಿನ ಕಣಿವೆ, ಆ ತಾಪತ್ರಯವಿಲ್ಲ.

ಕಾಣುವ ಕಡೆ ಸಾಮಾನ್ಯ ವೆಲ್ಡಿಂಗ್ ತಂತಿ ಬಳಸಿದರೆ ಬೆಸುಗೆಯ ಗೆರೆ ಬೇರೆ ಬಣ್ಣಕ್ಕೆ ತಿರುಗುತ್ತದೆ. ನಿಕಲ್ ಇರುವ, ಇದೇ ಉಕ್ಕಿಗೆ ಹೊಂದುವ ತಂತಿಯೇ ಬೇಕು. ಕಾರ್ಖಾನೆಯಿಂದ ಬರುವಾಗ ತಗಡಿನ ಮೇಲಿರುವ ಕಪ್ಪು ಪೊರೆಯನ್ನು ಮರಳು ಹೊಡೆಸಿ ತೆಗೆಯದಿದ್ದರೆ ತುಕ್ಕು ಮಚ್ಚೆ ಮಚ್ಚೆಯಾಗಿ ಏಳುತ್ತದೆ. ಮೊದಲ ವರ್ಷಗಳಲ್ಲಿ ಇಳಿಯುವ ಕೆಂಪು ನೀರು ಕೆಳಗಿನ ಕಲ್ಲಿಗೆ ಹತ್ತಿಕೊಂಡರೆ ಹೋಗುವುದು ಕಷ್ಟ. ಯಾರಾದರೂ ಗೀಚಿದ್ದನ್ನು ಉಜ್ಜಿ ತೆಗೆಯಹೋದರೆ ಪದರವೂ ಕಿತ್ತುಬರುತ್ತದೆ, ಅಲ್ಲಿ ಹೊಸ ತುಕ್ಕು ಹಳೆಯದಕ್ಕೆ ಹೊಂದಿಕೊಳ್ಳುವವರೆಗೆ ತೇಪೆ ಎದ್ದು ಕಾಣುತ್ತದೆ.